ಬೀಗದ ಕೈ ಕೊಡುವ ಮುನ್ನ

ತಗೋ ಟೆರೆಲ್, ಇದು ಮುಂಬಾಗಿಲಿನದು, ಇದು ನೆಲಮಾಳಿಗೆಯದು,
ಈ ತುಕ್ಕು ಹಿಡಿದದ್ದು ಯಾವುದರದೋ, ನನಗೂ ಗೊತ್ತಿಲ್ಲ,
ಗೊಂಚಲಿನಿಂದ ಮಾತ್ರ ತೆಗೆಯಬೇಡ.
ಕೂತುಕೋ. ಕುರ್ಚಿಗಳನ್ನು ಮೇಜಿನ ಮೇಲೇರಿಸುವ ಮುಂಚೆ
ಹೇಳಬೇಕಾದ್ದು ಒಂದೆರಡಿದೆ.

ಈ ಬಫಲೋ ಊರಿಗೆ ಊರೇ ಗೋಧಿ ತಿಂದು ಬೆಳೆದದ್ದು.
ಈರಿ ಸರೋವರದಿಂದ ಹಡಗು ಬಂದು ನಿಂತರೆ
ಅದರ ಹೊಟ್ಟೆಗಿಳಿದು ಸಲಿಕೆಯಲ್ಲಿ ಬಾಚುತ್ತಿದ್ದರು ಐರಿಷ್ ಆಳುಗಳು,
ಆಮೇಲೆ ನಮ್ಮವರು, ಪೋಲಿಷರು.
ಕಿಟಕಿಯಾಚೆ ನಿಂತಿವೆಯಲ್ಲ ಕಣಜಗಳು, ಈಗ ಪಾರಿವಾಳದ ಪಾಲು,
ಅವನ್ನು ತುಂಬಿಸಿದ್ದು ಆ ಸಲಿಕೆಗಳು.
ಕೂಲಿಯ ಬಟವಾಡೆ ಎಲ್ಲಿ? ಇಲ್ಲಿ, ಇದೇ ಕೌಂಟರಿನ ಮೇಲೆ.
ಮ್ಯಾಲಕಿ ಡ್ರಿಸ್ಕಲ್ ಅಂತೊಬ್ಬ,
ಕೆಲಸ ಕೊಡುವವನೂ ಅವನೇ, ಕುಡಿಸುವವನೂ ಅವನೇ,
ಎಡಗೈಯಲ್ಲಿ ಎಣಿಸಿದ್ದನ್ನು ಬಲಗೈಯಲ್ಲಿ ಎಳೆದುಕೊಳ್ಳುತ್ತಿದ್ದ.
ಕುಡಿಯದವನಿಗೆ ಮರುದಿನ ಹಡಗಿಲ್ಲ.

ಅವನ ಲೆಕ್ಕದ ಪುಸ್ತಕ ಗಲ್ಲಾಪೆಟ್ಟಿಗೆಯ ಕೆಳಗಿದೆ, ಇಲಿ ತಿಂದು ಉಳಿದದ್ದು.
ಕಾನ್ ಟಿಯರ್ನಿ ಎಂಬ ಹೆಸರಿನ ಮುಂದೆ
ಆರು ದಿನದ ಕೂಲಿ ಬರೆದಿದೆ, ಗೆರೆ ಎಳೆದು ಹೊಡೆದಿಲ್ಲ.
ಏಳನೆಯ ದಿನ ಗೋಧಿ ಜಾರಿತು.
ನೀರಲ್ಲಿ ಮುಳುಗಿದವನು ಕೈಯನ್ನಾದರೂ ಬೀಸಬಹುದು,
ಕಾಳಿನಲ್ಲಿ ಮುಳುಗಿದವನಿಗೆ ಅದೂ ಇಲ್ಲ.
ಬಾಯಿಗೆ ಬೇಕಾದದ್ದೇ ಬಾಯಿ ಮುಚ್ಚಿತು.

ಚಳಿಗಾಲದಲ್ಲಿ, ಸರೋವರದ ಗಾಳಿ ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕುವಾಗ,
ಆ ತುದಿಯಿಂದ ಮೂರನೆಯ ಸ್ಟೂಲಿನ ಮುಂದೆ
ಒಂದು ಹಿಡಿ ಗೋಧಿ ಬಿದ್ದಿರುತ್ತದೆ.
ತಿಪ್ಪೆಗೆ ಎಸೆಯಬೇಡ, ಹಿತ್ತಲಲ್ಲಿ ಹಕ್ಕಿಗೆ ಹಾಕು.
ಒಂದು ಸಲ ನಾನು ಎದೆ ಗಟ್ಟಿಮಾಡಿಕೊಂಡು
ಅವನ ಹನ್ನೆರಡು ಡಾಲರು ಎಣಿಸಿಟ್ಟು ಮಲಗಿದೆ.
ಬೆಳಿಗ್ಗೆ ಹನ್ನೊಂದಿತ್ತು.
ಮೈ ಜುಮ್ಮೆಂದಿತಾ? ಕಸ ಗುಡಿಸುವ ಹುಡುಗ ಎತ್ತಿದ್ದನಪ್ಪ,
ಸಂಜೆ ಅತ್ತು ಒಪ್ಪಿಕೊಂಡ.
ಟಿಯರ್ನಿಗೆ ಹಣ ಬೇಡ. ನಾಲ್ಕು ಜನರ ಮುಂದೆ
ಹೆಸರು ಹಿಡಿದು ಕೂಗಬೇಕು, ಅಷ್ಟೆ.
ಶನಿವಾರ ರಾತ್ರಿ ನಾನು ಕೂಗುತ್ತಿದ್ದೆ. ಇನ್ನು ನೀನು ಕೂಗು.
ನಾಚಬೇಡ, ಗಟ್ಟಿಯಾಗಿ.

ಇನ್ನು ಆ ನೀಲಿ ಲಂಗದ ಹೆಂಗಸು,
ಗೋಡೆಯ ಮೇಲೆ ಪೇಪರ್ ತುಣುಕಿಗೆ ಕಟ್ಟು ಹಾಕಿಸಿದೆಯಲ್ಲ, ಅವಳು.
ಅವಳು ಹಸಿ ಸುಳ್ಳು.
ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ ಇಲ್ಲಿ ನೊಣ ಹೊಡೆಯುತ್ತಿದ್ದೆವು.
ನನ್ನ ಗಂಡ ಲೆಶೆಕ್, ಹಾಳಾದವನು, ಒಂದು ರಾತ್ರಿ
ನನ್ನ ಮದುವೆಯ ಎತ್ತರ ಹಿಮ್ಮಡಿಯ ಶೂ ಕಾಲಿಗೆ ತುರುಕಿಕೊಂಡು
ಅಟ್ಟದ ಮೇಲೆ ಓಡಾಡಿದ. ಟಕ್. ಟಕ್.
ಕೆಳಗೆ ನಾನು ಬಿಯರ್ ಸುರಿಯುತ್ತ ಮುಖ ಬಿಳುಚಿಸಿಕೊಂಡು
"ಪಾಪ, ಮತ್ತೆ ಬಂದಳು" ಅನ್ನಬೇಕು.
ತಿಂಗಳೊಳಗೆ ಕೂರಲು ಜಾಗ ಸಾಲಲಿಲ್ಲ.
ಭೂತ ಅಳೆಯುವ ಯಂತ್ರ ಹಿಡಿದವರೂ ಬಂದರು,
ಮುಳ್ಳು ಕುಣಿಯಿತು, ನಮ್ಮ ಹಳೇ ಫ್ರಿಜ್ಜಿನ ಮೋಟರಿಗೆ.
ನಲವತ್ತು ವರ್ಷ ಆ ಹೆಂಗಸು ನಮಗೆ ಅನ್ನ ಹಾಕಿದಳು.
ಕೊನೆಕೊನೆಗೆ ಅವನ ಎಡ ಮಂಡಿ ಸವೆದು
ಅವಳೂ ಕುಂಟತೊಡಗಿದಳು.
ಅದಕ್ಕೂ ಕತೆ ಕಟ್ಟಿದ: ಮೆಟ್ಟಿಲಿನಿಂದ ಬಿದ್ದಳಂತೆ.

ಲೆಶೆಕ್ ಹೋಗಿ ಮೂರು ವರ್ಷ.
ಶೂಗಳನ್ನು ಚರ್ಚಿನ ಹಳೆಬಟ್ಟೆ ಡಬ್ಬಕ್ಕೆ ನಾನೇ ಹಾಕಿ ಬಂದೆ.
ಅಟ್ಟದ ಬಾಗಿಲು ತೆರೆದವರಿಲ್ಲ.
ಜನ ತುಂಬಿದ ದಿನ ಏನೂ ಇರುವುದಿಲ್ಲ.
ವ್ಯಾಪಾರ ಬಿದ್ದ ಮಂಗಳವಾರಗಳಲ್ಲಿ,
ಇಬ್ಬರೋ ಮೂವರೋ ಗ್ಲಾಸಿನ ತಳ ನೋಡುತ್ತ ಕೂತಿರುವಾಗ,
ಮೇಲೆ ಟಕ್,
ಆಮೇಲೆ ತಡವಾಗಿ, ಎಳೆದುಕೊಂಡು,
ಟಕ್.

ಆಗ ನೀನು ಹೆಚ್ಚೇನೂ ಮಾಡಬೇಕಿಲ್ಲ.
ಗ್ಲಾಸು ಒರೆಸುತ್ತಿರು. ಮುಖ ಸ್ವಲ್ಪ ಬಿಳುಚಿಸಿಕೋ.
"ಪಾಪ, ಮತ್ತೆ ಬಂದಳು" ಅನ್ನು,
ಅವನಿಗೆ ಕೇಳಿಸುವಷ್ಟು.