ಜಾರಿ

ಮೊದಲ ಸಲ ಹೋದಾಗ ಕಾಫಿ ಕೊಟ್ಟರು.
ಸ್ಟೀಲಿನ ಲೋಟ, ಅಂಚಿನವರೆಗೆ ನೊರೆ.
ಒಂದನೇ ಪ್ರತಿವಾದಿ ಒಳಕೋಣೆಯಲ್ಲಿ ಫೋನಿನಲ್ಲಿ ನಗುತ್ತಿದ್ದರು.
ನನಗೆ ಕೇಳಿಸುತ್ತಿತ್ತು.
ಲೋಟ ಕೆಳಗಿಟ್ಟು ಸಮನ್ಸಿನ ಬೆನ್ನ ಮೇಲೆ ಬರೆದೆ:
‘ಆಸಾಮಿ ಮನೆಯಲ್ಲಿ ಇರುವುದಿಲ್ಲ.’
ಕೆಳಗೆ ನನ್ನ ಸಹಿ. ಸಹಿ ಮುತ್ತಿನಂತಿದೆ ಎಂದು
ಶಿರಸ್ತೇದಾರರು ಯಾವಾಗಲೂ ಹೇಳುತ್ತಾರೆ.

ನಮ್ಮ ಹುದ್ದೆಗೆ ಜಾರಿಕಾರ ಅಂತ ಹೆಸರು.
ಜಾರಿ ಮಾಡುವವನು ನಾನು, ಜಾರಿಕೊಳ್ಳುವವರು ಅವರು.
ನಾಜರ್ ಕಚೇರಿಯಲ್ಲಿ ಈ ಮಾತಿಗೆ ನಗುವವರು
ಈಗ ಯಾರೂ ಉಳಿದಿಲ್ಲ, ತುಂಬ ಸಲ ಹೇಳಿಬಿಟ್ಟಿದ್ದೇನೆ.

ಎರಡನೇ ಸಲ ಏಪ್ರಿಲ್. ಸ್ಕೂಟರಿನ ಸೀಟು ಕಾದ ಹೆಂಚು.
ವಿನೋಬನಗರದ ಕೊನೆಯಲ್ಲಿ ಕಬ್ಬಿಣದ ಗೇಟು,
ಗೇಟಿನ ಹಿಂದೆ ನಾಯಿ, ನಾಯಿಯ ಹಿಂದೆ ಪಿ.ಎ.
‘ಸಾಹೇಬ್ರು ಟೂರಲ್ಲಿದಾರೆ.’
ಸಾಹೇಬರ ಚಪ್ಪಲಿ ಮೆಟ್ಟಿಲ ಮೇಲಿತ್ತು,
ಟೂರಿಗೆ ಹೋಗಿರಲಿಲ್ಲ.

ವಾದಿ ಗುತ್ಯಪ್ಪ, ಸೊರಬದ ಕಡೆ ಒಂದು ಕೆರೆಯ ನೀರುಗಂಟಿ.
ಅವನ ದಾಖಲೆ ಒಂದೇ, ನೂರು ಪುಟದ ನೋಟ್‌ಬುಕ್ಕು:
ಹನ್ನೊಂದು ವರ್ಷದ ನೀರಿನ ಮಟ್ಟ, ವಾರಕ್ಕೊಂದು ಸಾಲು,
ಮೊಳ, ಗೇಣು, ಬೆರಳು.
ಕೊನೆಯ ಸಾಲಿನಲ್ಲಿ ಅಳತೆಯಿಲ್ಲ:
‘ಏರಿ ಕಡೀಬ್ಯಾಡಿ ಅಂತ ಹೇಳ್ದೆ. ಫೋಟೊ ಆಗ್ಲಿ ಸುಮ್ನಿರು ಅಂದ್ರು.’
ರಸ್ತೆಗೆಂದು ಕಡಿದರು. ಇಂಜಿನಿಯರ್ ರಜೆಯಲ್ಲಿದ್ದ.
ಜೆಸಿಬಿಯ ಕೊರಳಿಗೆ ಹಾರ, ಅಧ್ಯಕ್ಷರ ಕೈಯಲ್ಲಿ ತೆಂಗಿನಕಾಯಿ.
ನಾಲ್ಕನೇ ರಾತ್ರಿ ಕೆರೆ ತಾನೇ ಎದ್ದು
ಹದಿನಾಲ್ಕು ಎಕರೆ ಗದ್ದೆಯ ಮೇಲೆ ನಡೆದುಹೋಯಿತು.

ದುರಸ್ತಿಗೆ ಬಿಲ್ಲಿನಲ್ಲಿ ಬಂದ ಕಲ್ಲೆಷ್ಟು, ಏರಿಗೆ ಬಿದ್ದ ಕಲ್ಲೆಷ್ಟು,
ಅದು ಬೇರೆ ಕೇಸು. ಅದಕ್ಕೆ ಕಲಂ ಇದೆ.
ಏರಿ ಕಡಿದ ಬುದ್ಧಿಗೆ ಯಾವ ಕಲಂ?
ವಕೀಲರೊಬ್ಬರನ್ನು ಕೇಳಿದೆ. ಕರಿ ಕೋಟು ಬಿಚ್ಚಿ ಬೆವರೊರೆಸಿಕೊಂಡು
‘ಅದರ ವಿಚಾರಣೆ ಐದು ವರ್ಷಕ್ಕೊಮ್ಮೆ, ಬೂತಿನಲ್ಲಿ’ ಎಂದರು.
ನಾನು ಸುಮ್ಮನಾದೆ.
ನನ್ನ ವೋಟು ಇನ್ನೂ ಊರಲ್ಲೇ ಇದೆ, ಸೊರಬದ ಕಡೆಗೇ.
ಆ ಗುಂಡಿ ಒತ್ತಿದ ಬೆರಳುಗಳಲ್ಲಿ ಒಂದು ನನ್ನದು.
ಎರಡು ಸಲ.

ಕೋರ್ಟಿನೆದುರು ಹೋಟೆಲ್ಲಿನ ಟಿವಿಯಲ್ಲಿ ಅಮೆರಿಕ, ಶಬ್ದವಿಲ್ಲದೆ.
ಎತ್ತರದ ಮೇಜಿನ ಹಿಂದೆ ಕೇಳುವವರ ಸಾಲು,
ಕೆಳಗೆ ಒಬ್ಬ ದೊಡ್ಡ ಮನುಷ್ಯ ಬಲಗೈಯೆತ್ತಿ
ಪ್ರಮಾಣ ಮಾಡುತ್ತಿದ್ದ. ಅದನ್ನೇ ಮತ್ತೆ ಮತ್ತೆ ತೋರಿಸಿದರು.
‘ಅಲ್ಲಿ ದೊಡ್ಡೋರ್ನೂ ಬಿಡಲ್ಲ ಸಾರ್’ ಎಂದ ಸಪ್ಲೈಯರ್ ಹುಡುಗ.
‘ಬಿಡ್ತಾರೆ. ಸ್ವಲ್ಪ ತಡವಾಗಿ ಬಿಡ್ತಾರೆ’
ಎಂದು ಗಲ್ಲಾದ ಕಾಮತರು ಚಿಲ್ಲರೆ ಎಣಿಸಿದರು.
ನನಗೆ ಅನ್ನಿಸಿದ್ದು ಬೇರೆ:
ಆ ಕುರ್ಚಿಗೆ ಅವನು ತಾನಾಗಿ ಬಂದಿರಲಾರ.
ಅಲ್ಲೂ ಒಬ್ಬ ನನ್ನಂಥವನು
ಕಾಗದ ಹಿಡಿದು ಯಾವುದೋ ಗೇಟಿನ ಮುಂದೆ ನಿಂತಿರಬೇಕು.
ಅವನಿಗೂ ಕಾಫಿ ಕೊಟ್ಟಿರಬೇಕು.

ಮೂರನೇ ಸಲ ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ಹೋದೆ.
ಪಂಚರು ಇಬ್ಬರು: ಇಸ್ತ್ರಿ ಗಾಡಿಯ ಮುನೀರ್,
ಎದುರಿನ ಕಟ್ಟಡಕ್ಕೆ ಜಲ್ಲಿ ಹೊರುವ ದುರ್ಗಮ್ಮ.
ಮುನೀರ್ ಗೇಟಿನ ಕಡೆ ನೋಡಿದ.
ವಾರಕ್ಕೆ ಹನ್ನೆರಡು ಬಿಳಿ ಅಂಗಿ ಬರುವುದು ಅಲ್ಲಿಂದಲೇ.
ದುರ್ಗಮ್ಮ ಮೊದಲು ಹೆಬ್ಬೆಟ್ಟೊತ್ತಿ,
ಸೆರಗಿಗೆ ಮಸಿ ಒರೆಸಿಕೊಂಡು, ಆಮೇಲೆ ಕೇಳಿದಳು:
‘ಇದ್ರಾಗೆ ಏನೈತೆ?’
‘ಬರಬೇಕು ಅಂತ ಐತೆ. ಬಂದು ಹೇಳಬೇಕು ಅಂತ.’
‘ಅಷ್ಟೇಯಾ?’
ಮುನೀರನೂ ಸಹಿ ಹಾಕಿದ, ಉರ್ದುವಿನಲ್ಲಿ, ಬೇಗ.

ಬಾಗಿಲಿಗೆ ತೇಗದ ಪಾಲಿಶು, ಕಾಗದ ಎರಡು ಸಲ ಜಾರಿತು.
ಅಂಗೈಯಿಂದ ಒತ್ತಿ ಹಿಡಿದು ನಿಂತೆ, ಒಣಗುವವರೆಗೆ.
ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಈ ಸಲ ನಗು ಕೇಳಿಸಲಿಲ್ಲ,
ಅಥವಾ ನಾನು ಕಿವಿಗೊಡಲಿಲ್ಲ.

ಷರಾ ಬರೆಯುವಾಗ ಒಂದು ಸಾಲು ಹೆಚ್ಚಾಯಿತು:
‘ಮೊದಲ ಸಲವೂ ಆಸಾಮಿಯು ಮನೆಯಲ್ಲೇ ಇದ್ದು,
ಸದರಿ ಜಾರಿಕಾರನು ಕಾಫಿ ಕುಡಿದಿರುತ್ತಾನೆ.’
ಶಿರಸ್ತೇದಾರರು ಎರಡು ಸಲ ಓದಿ ಕನ್ನಡಕ ತೆಗೆದರು.
ಸಹಿಯ ಬಗ್ಗೆ ಏನೂ ಹೇಳಲಿಲ್ಲ.