ಭದ್ರತಾ ಪ್ರಶ್ನೆ

ಮನಾಮದ ಹಳೇ ಸೂಕಿನೊಳಗೆ, ಹೊಲಿಗೆಯಂಗಡಿಗೂ
ಅತ್ತರಿನಂಗಡಿಗೂ ನಡುವೆ ಒಂದು ಬಾಗಿಲಿನಷ್ಟು ಅಗಲ,
ಅದೇ ನನ್ನ ಟೈಪಿಂಗ್ ಸೆಂಟರು.
ಹತ್ತೊಂಬತ್ತು ವರ್ಷದಿಂದ ಇಲ್ಲಿ ಕೂತು
ಊರವರ ಹೆಸರು ಬಡಿಯುತ್ತಿದ್ದೇನೆ.

ಮೊನ್ನೆ ಬಂದಳು ಬುಸೈನಾ, ವಿಶ್ವವಿದ್ಯಾಲಯದವಳು,
ಅಬಾಯದ ತೋಳಿನಲ್ಲಿ ಕರಕ್ ಚಹಾದ ಕಲೆ.
ಜನವೂ ಯಂತ್ರವೂ ಒಟ್ಟಿಗೆ ಬಾಳುವುದು ಹೇಗೆ,
ಅದು ಅವಳ ಅಧ್ಯಯನ.
ಅರಬಿಯಲ್ಲಿ ಹೇಳಿದಳು, ಮುರುಕು ಹಿಂದಿಯಲ್ಲಿ ಹೇಳಿದಳು,
ಕೊನೆಗೆ ಎರಡೂ ಕೈಯ ಬೆರಳು ಹೆಣೆದು ತೋರಿಸಿದಳು.
ಕಂಪ್ಯೂಟರಿನವರಿದ್ದಾರಂತೆ ಅದರಲ್ಲಿ, ಸಮಾಜಶಾಸ್ತ್ರದವರು,
ಗ್ರಂಥಾಲಯದವರು, ಕಾನೂನಿನವರು, ವ್ಯಾಪಾರ ಓದಿದವರು.
ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುವುದಂತೆ.
ಗೊತ್ತಾಯಿತು ಅಂದೆ. ಸಲ್ಮಾಬಾದಿನ ನಮ್ಮ ಕೋಣೆ.
ಎಂಟು ಮಂಚ, ಐದು ಭಾಷೆ, ಫ್ರಿಜ್ಜು ಒಂದೇ.
ಯಾವ ಜಗಳವೂ ಕೊನೆಗೆ
ಯಾರ ಮೊಸರು ಯಾರು ತಿಂದರು ಎಂಬಲ್ಲಿಗೆ ಬಂದು ನಿಲ್ಲುತ್ತದೆ.
ಅವಳು ಅದನ್ನೂ ಬರೆದುಕೊಂಡಳು.

ಬಳಕೆದಾರರು ಎಷ್ಟು? ಕೇಳಿದಳು.
ಪರದೆ ನೋಡಿದರೆ ಒಬ್ಬನೇ, ನಾನು.
ಮೇಜಿನಡಿಯ ನೀಲಿ ಪುಸ್ತಕ ತೆರೆದರೆ ಇನ್ನೂರ ಹನ್ನೆರಡು.
ಎಲ್ಲರ ಪಾಸ್‌ವರ್ಡೂ ಅದರೊಳಗೆ:
ಸಿಲ್ಹೆಟ್ಟಿನವನದು ಮಾರಿಬಿಟ್ಟ ದೋಣಿಯ ಹೆಸರು,
ಧನ್‌ಬಹಾದುರನದು ಸತ್ತ ಎಮ್ಮೆಯದು,
ಗೋರಖಪುರದವನೊಬ್ಬ ಹೇಳುವಾಗ ನಾಚಿದ,
ಅದನ್ನು ಹೇಳಲಾರೆ.
ಅರ್ಧಕ್ಕರ್ಧ ಮಂದಿ ಜನವರಿ ಒಂದರಂದು ಹುಟ್ಟಿದವರು.
ಆ ದಿನ ಎಲ್ಲರಿಗೂ ಶುಭಾಶಯ ಬರುತ್ತದೆ,
ಬ್ಯಾಂಕಿನಿಂದ.

ಯಲ್ಲಯ್ಯ ಜಗ್ತಿಯಾಲದವನು, ಗಾರೆ ಮೇಸ್ತ್ರಿ.
ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಹಿಂದಿಲ್ಲ ಮುಂದಿಲ್ಲ.
ಅರ್ಜಿ ಕೆಂಪಗೆ ಉರಿಯಿತು: ಕುಲನಾಮ ಕಡ್ಡಾಯ.
ಖಾಲಿ ಬಿಟ್ಟೆ, ಚುಕ್ಕೆ ಇಟ್ಟೆ, ಗೆರೆ ಎಳೆದೆ,
ಕಡೆಗೆ ಯಲ್ಲಯ್ಯ ಯಲ್ಲಯ್ಯ ಎಂದು ಬಡಿದೆ. ಹಸಿರಾಯಿತು.
ಎರಡೆರಡು ಸಲ ಯಾಕೆ ಕರೀತೀಯ ಭಾಯಿ, ನಾನೇನು ಕಿವುಡನಾ,
ಎಂದು ನಕ್ಕಿದ್ದ.
ಸಂಬಳದ ಚೀಟಿಯಲ್ಲಿ, ಆಸ್ಪತ್ರೆಯ ಪಟ್ಟಿಯಲ್ಲಿ,
ಹೋದ ಬೇಸಿಗೆಯಲ್ಲಿ ವಿಮಾನದ ಸರಕಿನ ಕಾಗದದಲ್ಲೂ
ಅವನು ಇಬ್ಬರಾಗಿಯೇ ಇದ್ದ.

ಭದ್ರತಾ ಪ್ರಶ್ನೆ: ನಿಮ್ಮ ಮೊದಲ ಶಾಲೆ ಯಾವುದು?
ಶಾಲೆಯ ಮೆಟ್ಟಿಲೇ ಹತ್ತದವನಿಗೆ ಏನು ಬಡಿಯಲಿ?
ನನ್ನದನ್ನೇ ಕೊಟ್ಟೆ. ಬೆಂಗ್ರೆ ಶಾಲೆ,
ಅಳಿವೆಬಾಗಿಲ ಪಕ್ಕ, ಬೆಂಚಿನ ಮೇಲೆ ಸದಾ ಮರಳು.
ಈಗ ಅರವತ್ತೊಂದು ಮಂದಿ ನನ್ನ ಸಹಪಾಠಿಗಳು,
ಪೋಖರಾದವನು ಕುಮಿಲ್ಲಾದವನು ಒಂದೇ ಬೆಂಚಿನಲ್ಲಿ.
ಮೋನಪ್ಪ ಮಾಸ್ತರರು ಹಾಜರಿ ಕರೆಯಹೊರಟರೆ
ಮಧ್ಯಾಹ್ನದ ಗಂಟೆ ಹೊಡೆದೀತು.

ನನಗೊಂದು ಪದ ಬರೆದಳು ಬುಸೈನಾ.
ಫೋನಿನಲ್ಲಿ ಕನ್ನಡ ಹುಡುಕಿದೆ: ಮಧ್ಯವರ್ತಿ.
ನಮ್ಮ ಧಕ್ಕೆಯಲ್ಲಿ ಅವನಿಗೆ ದಲ್ಲಾಳಿ ಅನ್ನುತ್ತಾರೆ,
ಯಾರದೋ ಬುಟ್ಟಿಯಿಂದ ಒಂದು ಬಂಗುಡೆ ಎತ್ತಿಕೊಳ್ಳುವವನು.
ಚುರುಕ್ಕೆಂದಿತು. ಆದರೆ
ಅರ್ಜಿಗೆ ಅರ್ಧ ದಿನಾರು ಎತ್ತಿಕೊಳ್ಳುತ್ತೇನಲ್ಲ.

ಹೊರಡುವ ಮುಂಚೆ ಅವಳ ಒಪ್ಪಿಗೆ ಪತ್ರ. ಎರಡು ಪುಟ.
ಇಷ್ಟು ವರ್ಷ ಕಂಡವರ ಪರವಾಗಿ
'ಓದಿದ್ದೇನೆ, ಒಪ್ಪಿದ್ದೇನೆ' ಎಂಬ ಚೌಕಕ್ಕೆ
ಓದದೆ ಟಿಕ್ ಹಾಕಿದವನು ನಾನು.
ಕನ್ನಡಕ ಒರೆಸಿ ಒಂದೊಂದೇ ಸಾಲು ಓದಿದೆ.
ಬಾಗಿಲಲ್ಲಿ ಗಿರಾಕಿಗಳು ಗೊಣಗಿದರು, ಎ.ಸಿ. ತೊಟ್ಟಿಕ್ಕಿತು.
ನನ್ನ ಹೆಸರು ಪ್ರಬಂಧದಲ್ಲಿ ಎಲ್ಲೂ ಬಾರದಂತೆ.
ಬದಲಿಗೆ ಬೇರೊಂದು ಹೆಸರು ನಾನೇ ಆರಿಸಬಹುದಂತೆ.

ಯಲ್ಲಯ್ಯ ಅಂತ ಬರೆಯಿರಿ ಅಂದೆ.
ಮುಂದೆ? ಪೆನ್ನು ಎತ್ತಿ ಹಿಡಿದಳು.
ಮುಂದೇನಿಲ್ಲ.
ಒಂದೇ ಸಲ.