ಮೊದಲ ಮಹಡಿಯ ಯೆಜ್ದಿ

ಕುರುಬರಹಳ್ಳಿಯ ಈ ಮನೆಗೆ ಮೆಟ್ಟಿಲು ಹದಿನೆಂಟು,
ಅಗಲ ಎರಡೂವರೆ ಅಡಿ, ನಡುವೆ ಒಂದು ತಿರುವು.
ಗ್ಯಾಸ್ ಸಿಲಿಂಡರ್ ಹೊತ್ತ ಹುಡುಗ ಅಲ್ಲೇ ನಿಂತು
ಬೈಯುತ್ತಾನೆ ಕಟ್ಟಿಸಿದವರನ್ನು.

ಆ ದಾರಿಯಲ್ಲೇ ಬಂತು ಯೆಜ್ದಿ, ಬಿಡಿಬಿಡಿಯಾಗಿ,
ಆರು ಭಾನುವಾರ:
ಮಂಚ ಏರಿಸುವ ಹಾಗೆ ಓರೆ ಮಾಡಿ ಚಾಸಿ,
ಗೋಣಿಚೀಲದಲ್ಲಿ ಇಂಜಿನ್ನು,
ತುಕ್ಕು ತಿಂದ ಚಕ್ರ ಹೆಗಲಿಗೆ ಹಾಕಿಕೊಂಡು ನಾನು,
ನಟ್ಟು ಬೋಲ್ಟು ಹಾರ್ಲಿಕ್ಸ್ ಬಾಟಲಿಯಲ್ಲಿ.

"ಮೇಡಂ, ಗಂಡಸರಿಗೇ ಬೇಡವಾದ ಗಾಡಿ ನಿಮಗ್ಯಾಕೆ?"
ಎಂದಿದ್ದ ಗುಜರಿಯ ಬಸವಲಿಂಗ.
ಉತ್ತರ ಹೊಳೆಯಲಿಲ್ಲ. ಚೌಕಾಸಿ ಮಾಡಿದೆ.
ಇನ್ನೂರು ಕಡಿಮೆಯಾಯಿತು.

ಆರ್‌ಸಿ ಪುಸ್ತಕದಲ್ಲಿ: ಎಂ. ಡೇವಿಡ್ ಚಿನ್ನಪ್ಪ, ಕಾಕ್ಸ್‌ಟೌನ್.
ಸೀಟು ಹರಿದರೆ ಸ್ಪಂಜಿನೊಳಗೆ ಒಂದು ಬಸ್ ಟಿಕೆಟ್ಟು,
ಮೂವತ್ತೈದು ಪೈಸೆ.
ಗಾಡಿ ಕೈಕೊಟ್ಟ ದಿನದ್ದಿರಬೇಕು.
ಏನನ್ನೂ ಎಸೆಯದ ಮನುಷ್ಯ. ಅಥವಾ ಎಲ್ಲವನ್ನೂ
ಸೀಟಿನ ಕೆಳಗೆ ತುರುಕುವ ಮನುಷ್ಯ, ನನ್ನ ಹಾಗೆ.

ರಾತ್ರಿ ಪಾಳಿ ನನ್ನದು, ಡಯಾಲಿಸಿಸ್ ವಾರ್ಡು.
ನಾಲ್ಕು ಗಂಟೆ ಕೂತು ಒಬ್ಬರ ರಕ್ತ ಸೋಸುತ್ತೇನೆ,
ಕೊಳವೆಯಲ್ಲಿ ಗಾಳಿಗುಳ್ಳೆ ಬಾರದಂತೆ ಕಾಯುತ್ತೇನೆ.
ಹಗಲು ಬಂದು ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ನೆನೆಸಿ,
ಸಾಸಿವೆಯೂ ತೂರದ ಜೆಟ್ಟನ್ನು
ಬೆಳಕಿಗೆ ಹಿಡಿದು ಊದುತ್ತೇನೆ.
ಹೋಲಿಕೆ ಬೇಡ, ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ.
ಇದು ಕಬ್ಬಿಣ. ಇದಕ್ಕೆ ಬಿಡಿಭಾಗ ಸಿಗುತ್ತದೆ.

ಸಿಗುತ್ತದೆ ಅಂದರೆ,
ಜೆ.ಸಿ. ರಸ್ತೆಯ ಏಳು ಅಂಗಡಿ ಹತ್ತಿಳಿದ ಮೇಲೆ
ಎಂಟನೆಯವನು ಅಟ್ಟದಿಂದ
ಹಳೇ ಕ್ಯಾಲೆಂಡರ್ ಸುತ್ತಿದ ಪಿಸ್ಟನ್ ಇಳಿಸಿ, ಧೂಳು ಕೊಡವಿ,
ಬೆಲೆ ಹೇಳದೆ ಮೊದಲು ಚಹಾ ತರಿಸುತ್ತಾನೆ.
ಲೇತಿನ ಬಾಬಾಜಾನ್ ಬೋರಿನೊಳಗೆ ಕಿರುಬೆರಳಾಡಿಸಿ
"ಕೂದಲಷ್ಟು ತಿಂದಿದೆ" ಅಂದ.
ಅಳತೆ ಉಪಕರಣ ಆಮೇಲೆ ಹೌದೆಂದಿತು.

ಕ್ರೋಮಿಗೆ ಹುಣಸೆಹಣ್ಣು. ಒಗೆಯುವ ಕಲ್ಲಿನ ಮೇಲೆ ಎರಡು ಸೈಲೆನ್ಸರು.
ಕೆಳಗಿನ ಮನೆಯ ಓನರು ಗಂಗರಂಗಯ್ಯ
"ಏನಮ್ಮಾ ಇದು, ಸಾರಿನ ವಾಸನೇನೂ ಅಲ್ಲ, ಬಂಕಿನ ವಾಸನೇನೂ ಅಲ್ಲ"
ಎಂದು ಜಗಳಕ್ಕೆ ಹತ್ತಿ ಬಂದವರು
ಇಳಿಯಲೇ ಇಲ್ಲ. ಚಕ್ರಕ್ಕೆ ಕಡ್ಡಿ ಕಟ್ಟಲು ಕೂತರು.
ಪ್ರಾಯದಲ್ಲಿಟ್ಟಿದ್ದ ಸೈಕಲ್ ಶಾಪು ಬೆರಳಿಗೆ ನೆನಪಿತ್ತು.
ಮೂವತ್ತಾರು ಕಡ್ಡಿ; ಒಂದೊಂದನ್ನೂ ಮೀಟಿ, ಕಿವಿಗೊಟ್ಟು,
"ಇವನು ಸುಳ್ಳು ಹೇಳ್ತಾವ್ನೆ" ಎಂದು ಅರ್ಧ ತಿರುವು.
ಆ ತಿಂಗಳು ಬಾಡಿಗೆ ಕೇಳಲು ಮರೆತರು.
ನಾನೂ ನೆನಪಿಸಲಿಲ್ಲ.

ಹೀಗೆ ಹನ್ನೊಂದು ತಿಂಗಳು.

ನಿನ್ನೆ ಸಂಜೆ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಂತಿತ್ತು, ಪೂರ್ತಿ.
ಇದರ ಕಿಕ್ಕರೂ ಗೇರೂ ಒಂದೇ ಸರಳು:
ಎಬ್ಬಿಸುವುದೂ ಅದೇ, ನಡೆಸುವುದೂ ಅದೇ.
ಹತ್ತೊಂಬತ್ತು ಸಲ ತುಳಿದೆ. ಇಪ್ಪತ್ತಕ್ಕೆ ಕೆಮ್ಮಿತು,
ಆಮೇಲೆ ಬೀದಿಗೆಲ್ಲ ಕೇಳುವಂತೆ ಮಾತು ಶುರು ಮಾಡಿತು.
ನೀಲಿ ಹೊಗೆ ನನ್ನ ಒಗೆದ ಯೂನಿಫಾರಂ ದಾಟಿ
ಎದುರು ಮನೆಯ ಟೆರೇಸಿಗೆ ಹೋಯಿತು.
ಚಪ್ಪಾಳೆ ತಟ್ಟುತ್ತಿದ್ದ ಗಂಗರಂಗಯ್ಯ ತಟ್ಟನೆ ನಿಲ್ಲಿಸಿ
ಬಾಗಿಲು ನೋಡಿದರು. ಮೆಟ್ಟಿಲು ನೋಡಿದರು.
ನನ್ನನ್ನು ನೋಡಿದರು.

ಎರಡೂವರೆ ಅಡಿ. ನಡುವೆ ಒಂದು ತಿರುವು.

ನಗು ನಿಲ್ಲಲು ಹೊತ್ತು ಹಿಡಿಯಿತು.
ಹಾಗೇ ಹತ್ತಿ ಕೂತು ಗೇರು ಹಾಕಿದೆ.
ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿತು,
ಮೀಟರಿನ ಕೊನೆಯ ಅಂಕಿ ತುಸು ಸರಿಯಿತು, ಇನ್ನೂ ತುಸು.
ಮಹಾಲಕ್ಷ್ಮಿ ಲೇಔಟಿನ ವಾಟರ್ ಟ್ಯಾಂಕಿನಷ್ಟು ದೂರ
ವರಾಂಡದಲ್ಲೇ ಹೋಗಿ ಬಂದೆ.

ಬರುವ ಭಾನುವಾರ ಮತ್ತೆ ಬಿಚ್ಚಬೇಕು.
ಹಾರ್ಲಿಕ್ಸ್ ಬಾಟಲಿ ತೊಳೆದು ಬೋರಲು ಹಾಕಿದ್ದೇನೆ.
ಚಿನ್ನಪ್ಪನವರ ಟಿಕೆಟ್ಟು ಹೊಸ ಸೀಟಿನೊಳಗೇ ಇದೆ, ಹೊಲಿದಾಗಿದೆ.
ಏಳೂವರೆ. ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ,
ಡ್ಯೂಟಿಗೆ ಹೊರಟೆ,
ಬಸ್ಸಿಗೆ.